ಬ್ಯಾರಲ್ಲೂ ಬ್ಯಾರನ್ನೂ

ಒಂದೇ ಅಕ್ಷರದ ವ್ಯತ್ಯಾಸ ನೋಡಿ. ವೈನ್ ಹದವಾಗೋದು ಬ್ಯಾರಲ್‌ನಲ್ಲಿ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆ ಹೊಗೆಸೊಪ್ಪು ಹದವಾಗೋದು ಬ್ಯಾರನ್‌ನಲ್ಲಿ. ಮೊದಲನೆಯದನ್ನು ನೋಡೋಕೆ ಜನ ದುಡ್ಡು ಕೊಟ್ಟು ಹೋಗ್ತಾರೆ. ಎರಡನೆಯದನ್ನು ನೋಡೋಕೆ ಯಾರೂ ಬರೋದಿಲ್ಲ. ಯಾಕೆ ಹೀಗೆ ಅಂತ ಎರಡರ ಚರಿತ್ರೆಯನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಅನ್ನಿಸಿತು.

ಹೊರದೇಶಗಳಲ್ಲಿ ಗಂಡ-ಹೆಂಡಿರು ಕಡಲ ಪಕ್ಕದ ದ್ರಾಕ್ಷಿ ತೋಟಗಳನ್ನು ದಿನವಿಡೀ ಸುತ್ತಿ ವೈನ್ ರುಚಿ ನೋಡ್ತಾರಂತೆ. ನಮ್ಮ ಕರಾವಳಿಯ ಮಳೆಗೆ, ತೇವಕ್ಕೆ ದ್ರಾಕ್ಷಿ ಒಗ್ಗೋದಿಲ್ಲ. ನಮಗೇನಿದ್ದರೂ ನಂದಿಬೆಟ್ಟದ ತಪ್ಪಲು. ಆ ಸೀಮೆಗೆ ದ್ರಾಕ್ಷಿ ಹೊಸದಲ್ಲ. ಅಲ್ಲಿನ ಬೆಂಗಳೂರು ಬ್ಲೂ ತಳಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಫ್ರೆಂಚ್ ತಳಿಗಳ ವೈನ್ ಕಥೆ ಶುರುವಾದದ್ದು ಕನ್ವಲ್ ಗ್ರೋವರ್ ಅವರಿಂದ. ಶಾಂಪೇನ್ ಪ್ರಾಂತ್ಯದ ಜಾರ್ಜ್ ವೆಸ್ಸೆಲ್ ಅವರ ಸಲಹೆ ಪಡೆದು, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಕಂಪನಿ ಕಟ್ಟಿದರು. 1992ರಲ್ಲಿ ಮೊದಲ ಬಾಟಲಿಗಳು ಹೊರಬಂದವು.

ನಾನೂ ನಮ್ಮನೆಯವರೂ ಒಂದು ಭಾನುವಾರ ಆ ಕಡೆ ಹೋಗಿದ್ದೆವು. ಬಳ್ಳಿಯ ಸಾಲು, ಉಕ್ಕಿನ ಟ್ಯಾಂಕು, ಓಕ್ ಮರದ ಬ್ಯಾರಲ್ಲು ಎಲ್ಲ ತೋರಿಸಿ ಕೊನೆಗೆ ಗ್ಲಾಸು ಕೈಗೆ ಕೊಟ್ಟರು. ಬಣ್ಣ ನೋಡಬೇಕು, ತಿರುಗಿಸಿ ಮೂಸಬೇಕು, ಆಮೇಲೆ ಒಂದು ಗುಟುಕು. ನಮ್ಮನೆಯವರು ಪಿರಿಯಾಪಟ್ಟಣದವರು. "ನಮ್ಮಪ್ಪನೂ ಹೀಗೇ ಕಣೇ, ಸೊಪ್ಪನ್ನ ಬೆಳಕಿಗೆ ಹಿಡಿದು, ಕೈಯಲ್ಲಿ ಮುಟ್ಟಿ, ಮೂಸಿ ನೋಡ್ತಿದ್ರು. ಅವರಿಗೆ ಯಾರೂ ಗ್ಲಾಸ್ ಕೊಡಲಿಲ್ಲ ಅಷ್ಟೇ" ಅಂದರು. ನಕ್ಕೆವು. ಆದರೆ ಆ ಮಾತು ತಲೆಯಲ್ಲೇ ಉಳೀತು.

ಸೊಪ್ಪಿನ ಹದ ಸುಲಭದ್ದೇನಲ್ಲ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ತುಂಬಿ, ಸುಮಾರು ಒಂದು ವಾರ ಶಾಖ ಏರಿಸುತ್ತಾ ಹೋಗಬೇಕು. ಮೊದಲು ಎಲೆ ಹಳದಿಯಾಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುದಂಟು. ರಾತ್ರಿ ಎದ್ದೆದ್ದು ಒಲೆ ನೋಡಬೇಕು. ಒಂದು ಕೆ.ಜಿ. ಸೊಪ್ಪಿಗೆ ಸುಮಾರು 4-5 ಕೆ.ಜಿ. ಸೌದೆ ಬೇಕು. ಸುತ್ತಲಿನ ಮರಗಳು ಎಲ್ಲಿ ಹೋದವು ಅಂತ ಬೇರೆ ಹೇಳಬೇಕಿಲ್ಲ.

ಇಷ್ಟು ಕಷ್ಟಪಟ್ಟ ಎಲೆಗೆ ಹೆಸರಿದೆಯೇ? ಮೈಸೂರು ಸೊಪ್ಪು ಖಾರ ಕಡಿಮೆಯದು. ಬೇರೆ ಸೊಪ್ಪಿನ ಜೊತೆ ಬೆರೆಸೋಕೆ ಹೇಳಿಮಾಡಿಸಿದ್ದು. ಅಂದರೆ ಅದರ ಗುಣವೇ ಎದ್ದು ಕಾಣದಿರುವುದು! ವೈನ್ ಬಾಟಲಿಯ ಮೇಲೆ ನಂದಿ ಕಣಿವೆ ಅಂತ ಇರಬಹುದು. ಸಿಗರೇಟ್ ಪ್ಯಾಕಿನ ಮೇಲೆ ಕಂಪಲಾಪುರ, ಚಿಲ್ಕುಂದ, ಕಟ್ಟೆಮಳಲವಾಡಿ ಅಂತ ಎಂದಾದರೂ ಓದಿದ್ದೀರಾ?

ಮಣ್ಣು, ಹವೆ ಇದ್ದರೆ ಬೆಳೆ ತಾನಾಗಿ ಬರುತ್ತೆ ಅಂದುಕೊಳ್ಳುತ್ತೇವೆ. ಚರಿತ್ರೆ ಹಾಗೆ ಹೇಳೋದಿಲ್ಲ. ಎರಡರ ಹಿಂದೆಯೂ ಸರ್ಕಾರದ ಕೈ ಇದೆ. 1975ರ ಕಾಯ್ದೆಯಂತೆ 1976ರಲ್ಲಿ ತಂಬಾಕು ಮಂಡಳಿ ಬಂತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಶುರುವಾಯಿತು. ಯಾರು ಬೆಳೆಯಬೇಕು, ಎಷ್ಟು ಬೆಳೆಯಬೇಕು, ಎಲ್ಲಿ ಮಾರಬೇಕು ಎಲ್ಲಕ್ಕೂ ಲೆಕ್ಕ ಬಂತು. ಬೆಲೆ ಹೆಚ್ಚುಕಮ್ಮಿ ಆದರೂ ಕೊಳ್ಳೋ ಜಾಗ ಒಂದಿದೆ ಅನ್ನುವ ಧೈರ್ಯ ರೈತನನ್ನು ಹಿಡಿದಿಟ್ಟಿತು. ಆ ಕಡೆ ಮಹಾರಾಷ್ಟ್ರ 2001ರಲ್ಲಿ ವೈನ್ ನೀತಿ ತಂದರೆ, ಕರ್ನಾಟಕ 2007ರಲ್ಲಿ ತಂದಿತು. ಅದೇ 2007ರ ಜುಲೈ 1ರಿಂದ ಸಾರಾಯಿ ನಿಷೇಧವೂ ಆಯಿತು. ಕೂಲಿಯವನ ಪ್ಯಾಕೆಟ್ ಹೋಯಿತು, ಊರಾಚೆಯ ತೋಟದಲ್ಲಿ ಗ್ಲಾಸು ಬಂತು. ಸಾರಾಯಿಯಿಂದ ನರಳಿದ ಹೆಂಗಸರನ್ನು ಕಂಡವಳು ನಾನು, ಆ ನಿಷೇಧವನ್ನು ಹಳಿಯೋದಿಲ್ಲ. ಆದರೆ ಯಾವುದನ್ನು ಚಟ, ಯಾವುದನ್ನು ಪ್ರವಾಸ ಅಂತ ಕರೀಬೇಕು ಅಂತ ತೀರ್ಮಾನಿಸುವವರು ಯಾರು, ಅದು ಯೋಚಿಸುವಂಥದ್ದು.

ಹಾಗಂತ ಬ್ಯಾರನ್ ಪ್ರವಾಸ ಶುರು ಮಾಡಿ ಅಂತ ನಾನು ಹೇಳ್ತಿಲ್ಲ :) ತಂಬಾಕು ಜನರನ್ನು ಕೊಲ್ಲುತ್ತೆ, ಅದರಲ್ಲಿ ಎರಡು ಮಾತಿಲ್ಲ. 2004ರಲ್ಲಿ ಭಾರತ ಒಪ್ಪಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 17ನೇ ವಿಧಿ, ಬೆಳೆಗಾರರಿಗೆ ಬದಲಿ ಜೀವನೋಪಾಯಕ್ಕೆ ನೆರವಾಗಬೇಕು ಅನ್ನುತ್ತೆ. ಶುಂಠಿ ಹಾಕಿ, ಜೋಳ ಹಾಕಿ ಅನ್ನೋದು ಸುಲಭ. ಹರಾಜುಕಟ್ಟೆಯಂಥ ಖಚಿತ ಮಾರುಕಟ್ಟೆ ಕೊಡೋದು ಕಷ್ಟ.

ನಂದಿ ತಪ್ಪಲಿನಿಂದ ನಾವು ಕಲಿಯಬೇಕಾದ್ದು ದ್ರಾಕ್ಷಿಯನ್ನಲ್ಲ. ನೀತಿ, ಮಾರುಕಟ್ಟೆ, ಊರಿನ ಹೆಸರು, ಈ ಮೂರೂ ಸೇರಿದರೆ ಒಂದು ಬೆಳೆ ನಿಲ್ಲುತ್ತೆ ಅನ್ನೋದನ್ನ. ಸೊಪ್ಪನ್ನು ಮೂಸಿ ಹದ ಹೇಳಬಲ್ಲ ಆ ಮೂಗು ನಾಳೆ ಇನ್ನೇನನ್ನು ಮೂಸಬೇಕು? ನಿಮ್ಮ ಊರಿನಲ್ಲಿ ಯಾರಾದರೂ ಹೊಗೆಸೊಪ್ಪು ಬಿಟ್ಟು ಬೇರೆ ಬೆಳೆಯಲ್ಲಿ ನೆಲೆ ನಿಂತಿದ್ದರೆ ಖಂಡಿತ ತಿಳಿಸಿ.