ನಾಚಿಕೆಯ ಎದುರು ಏಳು ಹಾಸಿಗೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಮನೆಗಳಲ್ಲೂ ಮಲದಲ್ಲಿ ರಕ್ತ ಕಂಡರೆ 'ಮೂಲವ್ಯಾಧಿ' ಎಂದು ಸುಮ್ಮನಾಗುವುದುಂಟು. ಹಲವು ಸಲ ಅದು ನಿಜವೇ. ಕೆಲವೊಮ್ಮೆ ಅದು ಕರುಳಿನ ಕ್ಯಾನ್ಸರ್. ಬಾಯಿ ಕಟ್ಟುವುದು ನಾಚಿಕೆ.

ಈ ನಾಚಿಕೆ ಹಳೆಯದು. 1835ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಫ್ರೆಡರಿಕ್ ಸಾಲ್ಮನ್ ಗುದರೋಗದಿಂದ ನರಳುವ ಬಡವರಿಗಾಗಿ ದಾನಿಗಳ ನೆರವಿನಿಂದ ಏಳು ಹಾಸಿಗೆಯ ಆಸ್ಪತ್ರೆ ತೆರೆದರು. ಅದೇ ಮುಂದೆ ಸೇಂಟ್ ಮಾರ್ಕ್ಸ್ ಆಯಿತು. 1932ರಲ್ಲಿ ಅಲ್ಲಿನ ಕತ್‌ಬರ್ಟ್ ಡ್ಯೂಕ್ಸ್, ಗಂತಿ ಕರುಳಿನ ಗೋಡೆ ದಾಟುವ ಮೊದಲೇ ಸಿಕ್ಕರೆ ರೋಗಿ ಉಳಿಯುವ ಸಂಭವ ಹೆಚ್ಚೆಂದು ತೋರಿಸಿದರು.

ನಮ್ಮಲ್ಲಿ 1951ರಲ್ಲಿ ಡಾ. ಜುಸ್ಸಾವಾಲಾ, ನವಲ್ ಟಾಟಾ ಅವರು ಭಾರತೀಯ ಕ್ಯಾನ್ಸರ್ ಸೊಸೈಟಿ ಕಟ್ಟಿದರು. ಡಾ. ಆರ್.ಬಿ. ಪಾಟೀಲರು ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಕಟ್ಟಿ ಚಿಕಿತ್ಸೆಯನ್ನು ಈ ಸೀಮೆಗೆ ಹತ್ತಿರ ತಂದರು.

ಆದರೆ ಅಜ್ಜ ಬಾಯಿ ಬಿಡದಿದ್ದರೆ ಯಾವ ಸಂಸ್ಥೆ ಏನು ಮಾಡೀತು? ನೀವೇ ಕೇಳಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.