ಅಂಬು ಮತ್ತು ಕವಚ: ಮಧ್ಯಯುಗದ ಯೂರೋಪಿನ ಪೈಪೋಟಿ

ಬಾಣ ಕವಚವನ್ನು ತೂರುತ್ತಿತ್ತೇ ಎಂಬ ಪ್ರಶ್ನೆಗೆ 12ನೆಯ ಶತಮಾನದ ಕೊನೆಯ ಭಾಗದ ಇಬ್ಬರು ಬರಹಗಾರರು ಎರಡು ಬೇರೆ ಉತ್ತರ ಕೊಡುತ್ತಾರೆ. ವೇಲ್ಸ್ ನಾಡನ್ನು ಬಲ್ಲ ಪಾದ್ರಿ ಜೆರಾಲ್ಡನ ಪ್ರಕಾರ, ಅಲ್ಲಿನ ಬಿಲ್ಲುಗಾರನೊಬ್ಬನ ಬಾಣ ಸವಾರನ ಕವಚ, ತೊಡೆ, ಜೀನು ಮೂರನ್ನೂ ತೂರಿ ಕುದುರೆಯನ್ನು ಕೊಂದಿತು. ಸಲಾದಿನ್‌ನ ಪರಿವಾರದಲ್ಲಿದ್ದ ಬಹಾ ಅಲ್-ದೀನ್ 1191ರಲ್ಲಿ ಪ್ಯಾಲೆಸ್ಟೈನಿನ ಕರಾವಳಿಯಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ: ಕ್ರೂಸೇಡ್ ಪಡೆಯ ಕಾಲಾಳುಗಳು ಹತ್ತರಷ್ಟು ಬಾಣ ಮೈಗೆ ನೆಟ್ಟಿದ್ದರೂ ಸಾಲು ಕೆಡಿಸದೆ ನಡೆದುಹೋಗುತ್ತಿದ್ದರು.

ಇಬ್ಬರೂ ಹೇಳುತ್ತಿರುವುದು ಹೆಚ್ಚುಕಡಿಮೆ ಒಂದೇ ಬಗೆಯ ರಕ್ಷಣೆಯ ಬಗ್ಗೆ. ಆ ಕಾಲದ ಸರಪಳಿ ಕವಚವೆಂದರೆ ಸಾವಿರಾರು ಕಬ್ಬಿಣದ ಬಳೆಗಳನ್ನು ಒಂದರೊಳಗೊಂದು ಕೋದು, ತುದಿಗಳನ್ನು ರಿವೆಟ್ ಬಡಿದು ಮುಚ್ಚಿದ ಅಂಗಿ. ಕತ್ತಿಯ ಏಟನ್ನು ಅದು ಚೆನ್ನಾಗಿ ತಡೆಯುತ್ತಿತ್ತು. ಚೂಪಾದ ಮೊನೆಯಾದರೋ ಒಂದೇ ಬಳೆಯೊಳಗೆ ನುಗ್ಗಿ ಅದನ್ನು ಬಿರಿಯಿಸಬಲ್ಲದು. ಆಗ ಬಾಣದ ಉಳಿದ ಕಸುವನ್ನು ಹೀರಿಕೊಳ್ಳುತ್ತಿದ್ದುದು ಕವಚದ ಜೊತೆಗೆ ತೊಡುತ್ತಿದ್ದ ಉಣ್ಣೆಯ ನಮದೆ ಅಥವಾ ಪದರಪದರವಾಗಿ ಹೊಲಿದ ದಪ್ಪ ಬಟ್ಟೆ. ಸಲಾದಿನ್ ಪಡೆಯ ತುರ್ಕಿ ಸವಾರರ ಬಾಣಗಳು ಹಗುರ. ದೂರದಿಂದ ಬರುವಷ್ಟರಲ್ಲಿ ಅವುಗಳ ವೇಗ ಕುಂದಿ, ಮೊನೆ ಬಟ್ಟೆಯಲ್ಲೇ ಸಿಕ್ಕಿಬೀಳುತ್ತಿತ್ತು. ಹತ್ತಿರದಿಂದ ಬಿಟ್ಟ ಭಾರವಾದ ಬಾಣ ಹಾಗಲ್ಲ.

ಭಾರ ಮತ್ತು ವೇಗ ಸೇರಿದರೆ ಬಾಣದ ಚಲನಶಕ್ತಿ. ಇಂಗ್ಲೆಂಡಿನ ನೀಳಬಿಲ್ಲಿನ ವಿಷಯದಲ್ಲಿ ಇದನ್ನು ಅಳೆಯಲು ಗಟ್ಟಿ ಆಧಾರವಿದೆ. 1545ರಲ್ಲಿ ಪೋರ್ಟ್ಸ್‌ಮತ್ ಬಳಿ ಮುಳುಗಿದ ಮೇರಿ ರೋಸ್ ಎಂಬ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಲಾಯಿತು. ಅದರ ಒಡಲಲ್ಲಿ 130ಕ್ಕೂ ಹೆಚ್ಚು ಇಡೀ ಬಿಲ್ಲುಗಳೂ ಮೂರು ಸಾವಿರಕ್ಕೂ ಮಿಕ್ಕಿ ಬಾಣಗಳೂ ಸಿಕ್ಕವು. ಯೂ ಮರದ ಈ ಬಿಲ್ಲುಗಳ ಉದ್ದ ಸುಮಾರು 2 ಮೀಟರ್. ಹೆದೆಯನ್ನು ಕಿವಿಯವರೆಗೆ ಎಳೆಯಲು ಬೇಕಾದ ಬಲ 100ರಿಂದ 185 ಪೌಂಡ್ ಎಂದು ಅಂದಾಜು, ಅಂದರೆ 45ರಿಂದ 84 ಕಿ.ಗ್ರಾಂ ತೂಕ ಎತ್ತಿದಷ್ಟು. ಎಳವೆಯಿಂದಲೇ ಪಳಗದ ತೋಳಿಗೆ ಇದು ಬಗ್ಗುವಂಥದಲ್ಲ. ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡ್ 1363ರಲ್ಲಿ ಹಬ್ಬದ ದಿನಗಳಂದು ಗಂಡಸರು ಬಿಲ್ಲುಗಾರಿಕೆಯನ್ನೇ ಅಭ್ಯಾಸ ಮಾಡಬೇಕೆಂದು ಆಜ್ಞೆ ಹೊರಡಿಸಿದ್ದು ಇದೇ ಕಾರಣಕ್ಕೆ. ಅಂಥ ಬಿಲ್ಲಿನಿಂದ 80 ಗ್ರಾಂ ತೂಕದ ಬಾಣ ಸೆಕೆಂಡಿಗೆ 55 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 120 ಜೂಲ್.

ಆ ಶಕ್ತಿಯನ್ನು ಒಂದು ಬಿಂದುವಿಗೆ ಮುಟ್ಟಿಸುವ ಕೆಲಸ ಅಲಗಿನದು. ಕುದುರೆಗೂ ಕವಚವಿಲ್ಲದ ಮೈಗೂ ಅಗಲವಾದ, ಮುಳ್ಳುಳ್ಳ ಅಲಗು. ಸರಪಳಿ ಕವಚಕ್ಕೆ ದಬ್ಬಳದಂತೆ ನೀಳವಾದ ಮೊನೆ. ತಗಡಿಗೆ ಗಿಡ್ಡನೆಯ, ದಪ್ಪ ಚೌಕಮೊನೆ. ಕಮ್ಮಾರರು ಮೆದು ಕಬ್ಬಿಣದಲ್ಲೇ ಕೆಲಸ ಮುಗಿಸಿಬಿಟ್ಟರೆ ಮೊನೆ ಬಗ್ಗುತ್ತಿತ್ತು. ಆದ್ದರಿಂದ 15ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕಾನೂನು ಅಲಗಿನ ತುದಿಯನ್ನು ಉಕ್ಕಿನಿಂದ ಗಟ್ಟಿಗೊಳಿಸಬೇಕು, ಮಾಡಿದವನ ಗುರುತು ಒತ್ತಬೇಕು ಎಂದು ವಿಧಿಸಿತು.

ಕವಚದ ಕಡೆಯವರೂ ಕೈಕಟ್ಟಿ ಕೂರಲಿಲ್ಲ. 14ನೆಯ ಶತಮಾನದುದ್ದಕ್ಕೂ ಸರಪಳಿಯ ಮೇಲೆ ಒಂದೊಂದೇ ತಗಡು ಸೇರುತ್ತ, 1420ರ ಹೊತ್ತಿಗೆ ಅಡಿಯಿಂದ ಮುಡಿಯವರೆಗಿನ ತಗಡು ಕವಚ ಸಿದ್ಧವಾಯಿತು. ಲೋಹತಜ್ಞ ಅಲನ್ ವಿಲಿಯಮ್ಸ್ ಅವರ ಲೆಕ್ಕದಂತೆ ಮೆದು ಉಕ್ಕಿನ 1 ಮಿ.ಮೀ. ತಗಡನ್ನು ಬಾಣ ನೇರವಾಗಿ ತೂರಲು ಸುಮಾರು 55 ಜೂಲ್ ಸಾಕು; 2 ಮಿ.ಮೀ.ಗೆ 175 ಜೂಲ್, 3 ಮಿ.ಮೀ.ಗೆ 300 ಜೂಲ್ ಬೇಕು. ಓರೆಯಾಗಿ ಬಡಿದರೆ ಇನ್ನೂ ಹೆಚ್ಚು. ಲೋಹದ ಗುಣವೂ ಲೆಕ್ಕಕ್ಕೆ ಬರುತ್ತದೆ: ಕಿಟ್ಟ ತುಂಬಿದ ಕಬ್ಬಿಣಕ್ಕಿಂತ ಮಿಲಾನ್, ಇನ್ಸ್‌ಬ್ರುಕ್‌ಗಳ ಹದವಾದ ಉಕ್ಕು ಸುಮಾರು ಮೂರು ಪಟ್ಟು ತಡೆಯಬಲ್ಲದು. 2 ಮಿ.ಮೀ.ಗೂ ಮೀರಿದ, ಉಬ್ಬಾಗಿ ಬಡಿದ ಎದೆತಗಡಿನ ಮುಂದೆ 120 ಜೂಲ್ ಸೋಲುತ್ತದೆ; ಬಾಣ ಜಾರಿಹೋಗುತ್ತದೆ ಅಥವಾ ಮುರಿಯುತ್ತದೆ. ಆದರೆ ಹೊರುವ ಭಾರವನ್ನು ಇಳಿಸಲು ತೋಳುಕಾಲುಗಳ ತಗಡನ್ನು ತೆಳುವಾಗಿಸಲೇಬೇಕಿತ್ತು. ಕಂಕುಳು, ಮೊಣಕಾಲ ಹಿಂಬದಿ, ಮುಖಗವಚದ ಕಿಂಡಿಗಳನ್ನು ಮುಚ್ಚುವ ಉಪಾಯವಿರಲಿಲ್ಲ.

ನೀಳಬಿಲ್ಲಿನ ಶಕ್ತಿಯ ಮಿತಿಯನ್ನು ಅಡ್ಡಬಿಲ್ಲು ದಾಟಲು ನೋಡಿತು. ಮರದ ದಂಡಕ್ಕೆ ಅಡ್ಡಲಾಗಿ ಬಿಗಿದ ಗಿಡ್ಡ ಬಿಲ್ಲು, ಹೆದೆಯನ್ನು ಹಿಡಿದಿಡುವ ತಿರುಗುಬಿಲ್ಲೆ, ಅದನ್ನು ಬಿಡಿಸುವ ಕುದುರೆ (ಟ್ರಿಗರ್) ಇದರ ಅಂಗಗಳು. ಕ್ರೈಸ್ತರ ಮೇಲೆ ಇದನ್ನು ಬಳಸಬಾರದೆಂದು 1139ರ ಲ್ಯಾಟರನ್ ಧರ್ಮಸಭೆ ನಿಷೇಧಿಸಿತು. ಯಾರೂ ಅದನ್ನು ಪಾಲಿಸಲಿಲ್ಲ. 15ನೆಯ ಶತಮಾನದಲ್ಲಿ ಉಕ್ಕಿನ ಬಿಲ್ಲು ಬಂದ ಮೇಲೆ ಹೆದೆ ಎಳೆಯಲು ರಾಟೆ, ಹಲ್ಲುಗಾಲಿ ಬೇಕಾದವು. ಇಂಗ್ಲೆಂಡಿನ ರಾಲ್ಫ್ ಪೇನ್-ಗಾಲ್ವೆ ಸುಮಾರು 1,200 ಪೌಂಡ್ ಬಲದ ಹಳೆಯ ಅಡ್ಡಬಿಲ್ಲೊಂದನ್ನು ಪ್ರಯೋಗಿಸಿ, 1903ರ ತಮ್ಮ ಪುಸ್ತಕದಲ್ಲಿ ಅದನ್ನು ವಿವರಿಸಿದ್ದಾರೆ. ಇಷ್ಟು ಬಲ ಕೇಳಿದರೆ ನೀಳಬಿಲ್ಲಿನ ಎಂಟು ಪಟ್ಟು ಪೆಟ್ಟು ಎನಿಸುತ್ತದೆ. ಆದರೆ ಅದರ ಹೆದೆ ಸಾಗುವ ದೂರ 20 ಸೆಂ.ಮೀ.ಗೂ ಕಡಿಮೆ, ನೀಳಬಿಲ್ಲಿನದರ ಮೂರರಲ್ಲೊಂದರಷ್ಟು. ಉಕ್ಕಿನ ತೋಳುಗಳ ಸ್ವಂತ ಭಾರವನ್ನು ಚಿಮ್ಮಿಸಲೂ ಶಕ್ತಿ ವ್ಯಯವಾಗುತ್ತದೆ. ಹೀಗಾಗಿ ಬಾಣಕ್ಕೆ ದಕ್ಕುವ ಹೆಚ್ಚಳ ಎಂಟು ಪಟ್ಟಿನ ಹತ್ತಿರಕ್ಕೂ ಬರುವುದಿಲ್ಲ. ನೀಳಬಿಲ್ಲುಗಾರ ನಿಮಿಷಕ್ಕೆ ಹತ್ತು ಬಾಣ ಬಿಡುವಲ್ಲಿ ರಾಟೆಯ ಅಡ್ಡಬಿಲ್ಲಿನಿಂದ ಒಂದೆರಡು ಮಾತ್ರ ಸಾಧ್ಯ. ಕವಚ ಮಾಡುವವರು ಇದೇ ಅಡ್ಡಬಿಲ್ಲಿನಿಂದ ತಮ್ಮ ತಗಡಿಗೆ ಹೊಡೆದು ಪರೀಕ್ಷಿಸಿ, ಗೆದ್ದುದಕ್ಕೆ ಮುದ್ರೆ ಒತ್ತುತ್ತಿದ್ದರು.

ಹಾಗಿದ್ದರೂ ಬಿಲ್ಲುಗಾರರು ಯುದ್ಧ ಗೆದ್ದರು. ತಗಡು ಮುಚ್ಚದ ಎಡೆಯನ್ನು ಹುಡುಕುವುದರಲ್ಲಿತ್ತು ಅವರ ಗೆಲುವು. 1356ರ ಪ್ವಾತಿಯೆ ಕದನದಲ್ಲಿ ಫ್ರೆಂಚ್ ಕುದುರೆಗಳ ಮುಂಭಾಗದ ಕವಚಕ್ಕೆ ಬಾಣಗಳು ಬಡಿದು ಚದುರುತ್ತಿದ್ದವು. ಆಕ್ಸ್‌ಫರ್ಡಿನ ಅರ್ಲ್ ತನ್ನ ಬಿಲ್ಲುಗಾರರನ್ನು ಪಕ್ಕಕ್ಕೆ ಸರಿಸಿ ಕುದುರೆಗಳ ಹಿಂಭಾಗಕ್ಕೆ ಗುರಿಯಿಡಿಸಿದ. ನೋವಿಗೆ ಹುಚ್ಚೆದ್ದ ಕುದುರೆಗಳು ತಮ್ಮ ಸೈನ್ಯದ ಮೇಲೇ ತಿರುಗಿಬಿದ್ದವು. 1403ರಲ್ಲಿ ಶ್ರೂಸ್‌ಬರಿಯಲ್ಲಿ ರಾಜಕುಮಾರ ಹೆನ್ರಿಯ ಮುಖಕ್ಕೆ ಬಾಣ ನೆಟ್ಟಿತು. ಶಸ್ತ್ರವೈದ್ಯ ಜಾನ್ ಬ್ರಾಡ್ಮೋರ್ ಅದಕ್ಕೆಂದೇ ಚಿಮಟ ಮಾಡಿಸಿ ಅಲಗನ್ನು ಹೊರತೆಗೆದ. ಹಾಗೆ ಬದುಕುಳಿದ ಹೆನ್ರಿಯೇ 1415ರಲ್ಲಿ ಅಜಿಂಕೂರಿನಲ್ಲಿ ತನ್ನ ಬಿಲ್ಲುಗಾರರನ್ನು ಮುನ್ನಡೆಸಿದ್ದು. ಅಲ್ಲಿ ಮುಖದ ಕಿಂಡಿಗೆ ಬಾಣ ಹೊಕ್ಕೀತೆಂದು ಫ್ರೆಂಚ್ ಯೋಧರು ತಲೆ ತಗ್ಗಿಸಿಯೇ ಕೆಸರು ತುಳಿದು ಬಂದರು. ಬಾಣಗಳು ಕೊಲ್ಲದೆ ಬಿಟ್ಟವರನ್ನೂ ದಣಿಸಿ, ಒಬ್ಬರ ಮೇಲೊಬ್ಬರನ್ನು ಒತ್ತರಿಸಿ ಕೈಕೈ ಕಾಳಗಕ್ಕೆ ಒಪ್ಪಿಸಿದವು.

ನೂರು ವರ್ಷ ಕಳೆಯುವಷ್ಟರಲ್ಲಿ ಈ ಅವಕಾಶವೂ ಕಿರಿದಾಯಿತು. 1513ರ ಫ್ಲಾಡೆನ್ ಕದನದಲ್ಲಿ ಒಳ್ಳೆಯ ಕವಚ ತೊಟ್ಟ ಸ್ಕಾಟ್ಲೆಂಡಿನ ಮುಂಚೂಣಿಗೆ ಬಾಣಗಳಿಂದ ಹೆಚ್ಚು ಹಾನಿಯಾಗಲಿಲ್ಲ. ಬಾಣದ ಜಾಗಕ್ಕೆ ಬರುತ್ತಿದ್ದ ಬಂದೂಕಿನ ಗುಂಡಿಗೆ ಅದರ ಹಲವು ಪಟ್ಟು ಶಕ್ತಿ. ಸಾವಿರ ಜೂಲ್‌ಗೂ ಮೀರಿದ ಆ ಪೆಟ್ಟನ್ನು ತಡೆಯಲು ತಗಡನ್ನು ದಪ್ಪಗೊಳಿಸುತ್ತ ಹೋದವರು ಕಡೆಗೆ ತೋಳುಕಾಲುಗಳ ಕವಚವನ್ನೇ ಬಿಟ್ಟರು. 1595ರಲ್ಲಿ ಇಂಗ್ಲೆಂಡಿನ ರಾಜಸಭೆ ಪಡೆಗಳಲ್ಲಿ ಬಿಲ್ಲಿನ ಬದಲು ಬಂದೂಕು ಇರಲೆಂದು ಆದೇಶಿಸಿತು. ಅಡ್ಡಬಿಲ್ಲಿನಿಂದ ಪರೀಕ್ಷೆಗೊಳ್ಳುತ್ತಿದ್ದ ಎದೆತಗಡಿಗೆ ಈಗ ಕುಶಲಕರ್ಮಿಗಳು ಗುಂಡು ಹಾರಿಸಿ, ಬಿದ್ದ ತಗ್ಗನ್ನು ಅಳಿಸದೆ ಖಾತರಿಯ ಗುರುತಾಗಿ ಹಾಗೆಯೇ ಬಿಡುತ್ತಿದ್ದರು.