ಹಿಂದಿನ ಅಚ್ಚಿನ ಸದ್ದು: ದೇವನಹಳ್ಳಿ ದಾರಿಯ ಒಂದು ಕಸುಬಿನ ಚರಿತ್ರೆ

ಬಳ್ಳಾರಿ ರಸ್ತೆಯೆಂದು ಹೆಸರಾದ, ಹಿಂದೆ 7 ಎಂಬ ಸಂಖ್ಯೆಯನ್ನು ಹೊತ್ತಿದ್ದು ಈಗ 44 ಆಗಿರುವ ಹೆದ್ದಾರಿಯು ದೇವನಹಳ್ಳಿಯನ್ನು ಹಾದು ಉತ್ತರಕ್ಕೆ ಸಾಗುವುದರಿಂದ, ಈ ಊರಿನ ಚರಿತ್ರೆಯಲ್ಲಿ ಕೋಟೆಗೂ ಟಿಪ್ಪುವಿನ ಜನನಕ್ಕೂ ದೊರೆತಿರುವ ಗಮನದ ಒಂದು ಪಾಲು ಆ ದಾರಿಯಲ್ಲಿ ಉರುಳಿದ ಗಾಲಿಗಳಿಗೂ, ಅವುಗಳ ಸದ್ದನ್ನು ಆಲಿಸಿ ದೋಷ ಹೇಳಿದವರಿಗೂ ಸಲ್ಲಬೇಕಾಗಿದೆ.

ಎತ್ತಿನ ಗಾಡಿಯ ಅಚ್ಚು ತಾನು ತಿರುಗುವುದಿಲ್ಲ. ಅದರ ಎರಡು ತುದಿಗಳಲ್ಲಿ ಗಾಲಿಗಳು ಒಂದರ ಹಂಗು ಒಂದಕ್ಕಿಲ್ಲದೆ ತಿರುಗುತ್ತವೆ ಮತ್ತು ಅವು ಕಳಚದಂತೆ ತುದಿಯಲ್ಲಿ ಕಡಾಣಿ ತಡೆಯುತ್ತದೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೆರೆಸಿ ಮಾಡುತ್ತಿದ್ದ ಕೀಲೆಣ್ಣೆ ಒಣಗಿದರೆ ಗಾಲಿ ಕಿರುಗುಟ್ಟುತ್ತಿತ್ತು. ಬೇಸಗೆಯಲ್ಲಿ ಮರ ಕುಗ್ಗಿ ಕಬ್ಬಿಣದ ಹಳಿ ಸಡಿಲವಾದರೆ ಗಡಗಡ ಸದ್ದು ಏಳುತ್ತಿತ್ತು. ಸದ್ದಿನಿಂದ ದೋಷವನ್ನು ಗುರುತಿಸುವ ಅಭ್ಯಾಸವು ಹೀಗೆ ಮೋಟಾರು ಬರುವುದಕ್ಕೆ ಮೊದಲೇ ಈ ಸೀಮೆಯ ರೈತರಿಗೂ ಬಡಗಿಗಳಿಗೂ ತಿಳಿದಿತ್ತು.

ಮೋಟಾರು ವಾಹನದ ತೊಡಕು ಬೇರೆಯದು. ಎಂಜಿನ್ನಿನ ಬಲವು ಹಿಂದಿನ ಎರಡೂ ಚಕ್ರಗಳನ್ನು ತಿರುಗಿಸಬೇಕು, ಆದರೂ ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕಾದ್ದರಿಂದ ಎರಡರ ವೇಗವೂ ಬೇರೆಯಾಗಲು ಎಡೆಯಿರಬೇಕು. ಇದಕ್ಕಾಗಿ ಅಚ್ಚಿನ ನಡುವೆ ಕೂರಿಸಿದ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಶಿಯಲ್. ಎಂಜಿನ್ನಿನ ಕಡೆಯಿಂದ ಉದ್ದವಾಗಿ ಬರುವ ಪ್ರೊಪೆಲ್ಲರ್ ಶಾಫ್ಟ್ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವನ್ನೂ, ಅದು ಕ್ರೌನ್ ಎಂಬ ದೊಡ್ಡ ಚಕ್ರವನ್ನೂ ತಿರುಗಿಸುತ್ತದೆ. ಅಮೆರಿಕದ ಪ್ಯಾಕಾರ್ಡ್ ಕಾರುಗಳಲ್ಲಿ 1920ರ ದಶಕದಲ್ಲಿ ಬಳಕೆಗೆ ಬಂದ ಹೈಪಾಯ್ಡ್ ವಿಧಾನದಲ್ಲಿ ಪಿನಿಯನ್ನಿನ ನಡುಗೆರೆಯು ಕ್ರೌನಿನ ನಡುಗೆರೆಗಿಂತ ಕೆಳಗಿರುತ್ತದೆ. ಇದರಿಂದ ಕಾರಿನ ನೆಲ ತಗ್ಗುತ್ತದೆಯಾದರೂ ಹಲ್ಲುಗಳು ಒಂದರ ಮೇಲೊಂದು ಬಲವಾಗಿ ಜಾರುವುದರಿಂದ, ಹೆಚ್ಚಿನ ಒತ್ತಡ ತಾಳುವ ಗೇರ್ ಆಯಿಲ್ ಇಲ್ಲದೆ ಅವು ಬಾಳುವುದಿಲ್ಲ. ಮಾರಿಸ್ ಆಕ್ಸ್‌ಫರ್ಡ್‌ನ ಮಾದರಿಯಲ್ಲಿ 1950ರ ದಶಕದ ಕೊನೆಯಿಂದ ತಯಾರಾದ ಅಂಬಾಸಡರ್ ಈ ಬಗೆಯ ಅಚ್ಚನ್ನು ಕರ್ನಾಟಕದ ಊರೂರಿನ ಟ್ಯಾಕ್ಸಿ ಚಾಲಕರಿಗೆ ಪರಿಚಯಿಸಿತು.

ಕ್ರೌನ್ ಮತ್ತು ಪಿನಿಯನ್ ಒಂದನ್ನೊಂದು ಉಜ್ಜಿ ಹೊಂದಿಸಿದ ಜೋಡಿಯಾದ್ದರಿಂದ ಒಂದು ಕೆಟ್ಟರೂ ಎರಡನ್ನೂ ಬದಲಿಸಬೇಕಾಗುತ್ತದೆ. ಹಾಗಾಗಿ ಸದ್ದನ್ನು ತಪ್ಪಾಗಿ ಓದಿದರೆ ವಾಹನದ ಒಡೆಯನಿಗೆ ಆಗುವ ನಷ್ಟ ಸಣ್ಣದಲ್ಲ, ಮತ್ತು ಮೆಕ್ಯಾನಿಕರ ಕಿವಿಯ ಪಳಗಿಕೆಯನ್ನು ಈ ಕಸುಬಿನ ಅತ್ಯುನ್ನತ ಭಾಗವೆಂದೇ ಎಣಿಸಬೇಕಾಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಊಳಿಟ್ಟರೆ ಹಲ್ಲಿನ ಎಳೆಯುವ ಮುಖದ ಮೇಲೂ, ಕಾಲು ತೆಗೆದಾಗ ಊಳಿಟ್ಟರೆ ಅದರ ಹಿಮ್ಮುಖದ ಮೇಲೆ ಅಥವಾ ಸಡಿಲಗೊಂಡ ಪಿನಿಯನ್ ಬೇರಿಂಗಿನ ಮೇಲೂ ಅನುಮಾನ ಬೀಳುತ್ತದೆ. ನೇರ ದಾರಿಯಲ್ಲಿ ಸುಮ್ಮನಿದ್ದು ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ದೋಷವು ಕ್ರೌನಿನೊಡನೆ ತಿರುಗುವ ಪೆಟ್ಟಿಗೆಯೊಳಗಿನ ಸಣ್ಣ ಗೇರುಗಳಲ್ಲಿರುತ್ತದೆ, ಏಕೆಂದರೆ ನೇರ ಓಟದಲ್ಲಿ ಅವು ಒಂದೇ ಗಟ್ಟಿಯಾಗಿ ಸುತ್ತಿ, ತಿರುವಿನಲ್ಲಷ್ಟೇ ಪರಸ್ಪರ ಹೊರಳುತ್ತವೆ. ವಾಹನವನ್ನು ಎಡಕ್ಕೆ ಹೊರಳಿಸಿದಾಗ ಭಾರ ಬಲಕ್ಕೆ ವಾಲುವುದರಿಂದ, ಆಗ ಗುಂಯ್‌ಗುಡುವಿಕೆ ಹೆಚ್ಚಿದರೆ ಬಲಚಕ್ರದ ಬೇರಿಂಗನ್ನು ಮೊದಲು ನೋಡಬೇಕು. ಡಾಂಬರಿನಿಂದ ಕಾಂಕ್ರೀಟಿಗೆ ಇಳಿದೊಡನೆ ಸದ್ದು ಬದಲಾದರೆ ಟೈರನ್ನು ನೋಡಬೇಕು. ಹೊರಡುವ ಕ್ಷಣದಲ್ಲಿ ಒಮ್ಮೆ ಟಕ್ ಎನ್ನುವುದು ಬಹುಪಾಲು ಶಾಫ್ಟಿನ ತುದಿಯ ಕೀಲಿನ, ಅಂದರೆ ಮೆಕ್ಯಾನಿಕರು ಕ್ರಾಸ್ ಎನ್ನುವ ಭಾಗದ ಸವೆತದಿಂದ. ಅಚ್ಚಿನ ಕಬ್ಬಿಣದ ಕವಚವು ಸದ್ದನ್ನು ಉದ್ದಕ್ಕೂ ಹರಡುವುದರಿಂದ, ಕೊನೆಯ ತೀರ್ಮಾನಕ್ಕೆ ಚಕ್ರಗಳನ್ನು ಜಾಕಿನ ಮೇಲೆತ್ತಿ ತಿರುಗಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಕವಚಕ್ಕೂ ಹಿಡಿಯನ್ನು ಕಿವಿಗೂ ಒತ್ತಿ ಕೇಳುವ ಪದ್ಧತಿ ಬೆಳೆಯಿತು.

ದೇವನಹಳ್ಳಿಯ ಉತ್ತರಕ್ಕಿರುವ ನಂದಿಬೆಟ್ಟದ ರಸ್ತೆ ಇಂತಹ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ: ಏರುವಾಗ ಹಲ್ಲಿನ ಒಂದು ಮುಖಕ್ಕೆ, ಗೇರಿನಲ್ಲಿಯೇ ಇಳಿಯುವಾಗ ಇನ್ನೊಂದು ಮುಖಕ್ಕೆ ಭಾರ ಬೀಳುತ್ತದೆ, ತಿರುವುಗಳು ಉಳಿದುದನ್ನು ಹೊರಗೆಡಹುತ್ತವೆ.

ಡಿಸೆಂಬರ್ 1983ರಲ್ಲಿ ಬಂದ ಮಾರುತಿ 800 ಮುಂದಿನ ಚಕ್ರಗಳಿಂದ ಓಡುವ ಕಾರಾಗಿದ್ದು, ಅದರ ಡಿಫರೆನ್ಶಿಯಲ್ ಗೇರ್‌ಬಾಕ್ಸಿನೊಳಗೇ ಸೇರಿಕೊಂಡಿತ್ತು. ಆದರೂ ಬಿಡದಿಯಲ್ಲಿ ತಯಾರಾದ ಟೊಯೋಟಾ ಕ್ವಾಲಿಸ್ 2000ರಲ್ಲೂ ಇನ್ನೋವಾ 2005ರಲ್ಲೂ ಬಂದು ಹಿಂದಿನ ಅಚ್ಚಿನ ಯುಗವನ್ನು ಟ್ಯಾಕ್ಸಿಗಳಲ್ಲಿ ಲಂಬಿಸಿದವು. 24 ಮೇ 2008ರಂದು ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ವಾಹನಗಳು ಹಗಲಿರುಳೂ ಇದೇ ರಸ್ತೆಯಲ್ಲಿ ಓಡಿದವು. 2022ರ ಕೊನೆಯಲ್ಲಿ ಹೊರಬಂದ ಇನ್ನೋವಾ ಹೈಕ್ರಾಸ್ ಮುಂದಿನ ಚಕ್ರಗಳ ಚಾಲನೆಗೆ ತಿರುಗಿತು. ಅಂತಹ ಕಾರಿನ ಹಿಂಭಾಗದಲ್ಲಿ ಸದ್ದು ಬಂದರೆ ಹುಡುಕಾಟವು ಬೇರಿಂಗ್, ಬ್ರೇಕ್, ಟೈರು ಮತ್ತು ಸಸ್ಪೆನ್ಷನ್ನಿನ ಭಾಗಗಳಲ್ಲಿ ಮುಗಿಯುತ್ತದೆ. ಕ್ರೌನ್ ಮತ್ತು ಪಿನಿಯನ್ನಿನ ಊಳನ್ನು ಬಿಡಿಸಿ ಓದುವ ಕೆಲಸ ಈಗ ಹೆಚ್ಚಾಗಿ ಉಳಿದಿರುವುದು, ತರಕಾರಿ, ಹೂವು, ದ್ರಾಕ್ಷಿಗಳನ್ನು ತುಂಬಿಕೊಂಡು ಬೆಂಗಳೂರಿನ ಮಾರುಕಟ್ಟೆಗಳಿಗೆ ಹೋಗುವ ಟಾಟಾ ಏಸ್ ಮತ್ತು ಬೊಲೆರೊ ಪಿಕಪ್‌ಗಳಂತಹ ಸರಕು ವಾಹನಗಳಲ್ಲಿ.